ರೀ, ನೀವು ಹೋದ್ಮೇಲೆ?

ನಿವೃತ್ತಿಗೆ ಎಂಟು ತಿಂಗಳಿದ್ದಾಗ ಒಂದು ಹೊಸ ನೋಟ್‌ಬುಕ್ ತಂದೆ. 33 ವರ್ಷ ಬೇರೆಯವರ ಲೆಕ್ಕ ಬರೆದಿದ್ದಾಯಿತು, ಇನ್ನು ನಮ್ಮದು. ಮೊದಲ ಪುಟದಲ್ಲಿ ದೊಡ್ಡದಾಗಿ 'ಎಲ್ಲಿ?' ಅಂತ ಬರೆದೆ. ಪಿಂಚಣಿ ಸಣ್ಣದು. ಖರ್ಚು ಕಡಿಮೆ ಇರುವ ದೇಶಕ್ಕೆ ಹೋದರೆ ಅದೇ ದುಡ್ಡಿಗೆ ಜಾಸ್ತಿ ಬೆಲೆ ಬರುತ್ತದೆ, ಕೊನೆಗಾಲ ಆರಾಮಾಗಿ ಕಳೆಯಬಹುದು ಅಂತ ನನ್ನ ಆಸೆ.

ಮೊದಲು ಬರೆದದ್ದು ಮಲೇಷ್ಯಾ. ಹೊರದೇಶದವರು ಬಂದು ನೆಲೆಸಲು ಅಲ್ಲಿ 'ಮಲೇಷ್ಯಾ ಮೈ ಸೆಕೆಂಡ್ ಹೋಮ್' ಅನ್ನುವ ಯೋಜನೆ 2002ರಿಂದ ಇದೆ. ಆದರೆ 2021ರಲ್ಲಿ ಹೊಸಬರಿಗೆ ತಿಂಗಳಿಗೆ 40,000 ರಿಂಗಿಟ್ ಆದಾಯ ಬೇಕು ಅಂದರು. 2024ರಲ್ಲಿ ಮತ್ತೆ ನಿಯಮ ಬದಲಿಸಿ ಬೆಳ್ಳಿ, ಚಿನ್ನ, ಪ್ಲಾಟಿನಂ ಅಂತ ದರ್ಜೆ ಮಾಡಿದರು. ನನ್ನದು ಹಿತ್ತಾಳೆ ದರ್ಜೆ. ಆ ಪುಟಕ್ಕೆ ಅಡ್ಡಗೆರೆ ಎಳೆದೆ.

ಆಮೇಲೆ ಥಾಯ್ಲೆಂಡ್. 50 ದಾಟಿದವರು ನಿವೃತ್ತರಾಗಿ ಅಲ್ಲಿರಬಹುದು. ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ನಾನು ಕೂಡಿಟ್ಟದ್ದನ್ನೆಲ್ಲ ಸೇರಿಸಿದರೆ 8 ಲಕ್ಷಕ್ಕೆ ಸರಿಯಾಗುತ್ತಿತ್ತು. ಖುಷಿಯಿಂದ ಟಿಕ್ ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ಅದೇ ದುಡ್ಡನ್ನು ಕೆಳಗೆ 'ಆಸ್ಪತ್ರೆಗೆ' ಅಂತಲೂ ಬರೆದಿದ್ದೇನೆ! ವೀಸಾ ನವೀಕರಿಸುವ ಹೊತ್ತಿಗೆ ಪೂರ್ತಿ ದುಡ್ಡು ಖಾತೆಯಲ್ಲಿರಬೇಕು, ನಡುವೆಯೂ ಅದು ಅರ್ಧಕ್ಕಿಂತ ಕೆಳಗೆ ಇಳಿಯಕೂಡದು. ಅಂದರೆ ಅದು ಕಷ್ಟಕಾಲಕ್ಕೆ ಮುಟ್ಟುವ ದುಡ್ಡಲ್ಲ. ಒಂದೇ ದುಡ್ಡನ್ನು ಎರಡು ಕಡೆ ಜಮಾ ತೋರಿಸುವುದು! ಕೆಲಸದಲ್ಲಿದ್ದಾಗ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಬೈಯುತ್ತಿದ್ದೆ.

ಕೊನೆಗೆ ಮಧ್ಯ ಅಮೆರಿಕದ ಪನಾಮ. ನಿಜ ಹೇಳಬೇಕಂದರೆ ನನ್ನ ಮನಸ್ಸು ಅಲ್ಲೇ ನಿಂತಿತು. ಜೀವನಪೂರ್ತಿ ಬರುವ ಪಿಂಚಣಿ ತಿಂಗಳಿಗೆ 1,000 ಡಾಲರ್ ಇದ್ದರೆ ಸಾಕು, ಜೊತೆಗೆ ಬರುವ ಹೆಂಡತಿಗೆ ಇನ್ನೊಂದು 250. ನನ್ನದು ಆ ದಿನದ ವಿನಿಮಯ ದರದಲ್ಲಿ 1,400 ಆಗುತ್ತಿತ್ತು. ವಯಸ್ಸಾದವರಿಗೆ ಕಾನೂನಿನಲ್ಲೇ ರಿಯಾಯಿತಿಗಳಿವೆ. ವಿಮಾನದ ಟಿಕೆಟ್ಟಿಗೆ ಶೇ. 25, ಸಿನಿಮಾಕ್ಕೆ ಶೇ. 50. ಇದನ್ನೆಲ್ಲ ಹೆಂಡತಿಗೆ ಉತ್ಸಾಹದಿಂದ ಓದಿ ಹೇಳಿದೆ. "ಭಾಷೆ ಗೊತ್ತಿಲ್ಲದ ಸಿನಿಮಾಕ್ಕೆ ಅರ್ಧ ಟಿಕೆಟ್ ತಗೊಂಡು ಏನು ಮಾಡ್ತೀರಿ?" ಅಂದಳು. ನಕ್ಕೆವು. ನಾನು ಮುಂದಿನ ಸಾಲಿಗೆ ಹೋಗುತ್ತಿದ್ದೆ, ಅವಳು ಕನ್ನಡಕ ತೆಗೆದಿಟ್ಟು ಕೇಳಿದಳು:

"ರೀ, ನೀವು ಹೋದ್ಮೇಲೆ?"

ಎಲ್ಲಿಗೆ ಅಂತ ಕೇಳುವಷ್ಟು ದಡ್ಡ ನಾನಲ್ಲ.

ಅವಳ ಪ್ರಶ್ನೆಗೆ ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ಆ ರಾತ್ರಿಯೇ ಕೂತು ಲೆಕ್ಕ ಹಾಕಿದೆ. ನಾನು ತೀರಿಕೊಂಡರೆ ಅವಳಿಗೆ ಬರುವುದು ನನ್ನ ಪಿಂಚಣಿಯ ಶೇ. 60. 1,400ಕ್ಕೆ 840. ಅಲ್ಲಿರಲು ತನ್ನ ಹೆಸರಿನಲ್ಲೇ ಅರ್ಜಿ ಹಾಕಬೇಕಾಗಿ ಬಂದರೆ, ಬೇಕಾದ 1,000ಕ್ಕೆ 160 ಡಾಲರ್ ಕಡಿಮೆ. ಅಲ್ಲಿ ಅವಳ ವಾಸ ನಿಂತಿರುವುದು ನನ್ನ ಪಿಂಚಣಿಯ ಮೇಲೆ, ಪಿಂಚಣಿ ನಿಂತಿರುವುದು ನನ್ನ ಉಸಿರಿನ ಮೇಲೆ. ಅವಳು ನನಗಿಂತ ಆರು ವರ್ಷ ಚಿಕ್ಕವಳು, ರಕ್ತದೊತ್ತಡದ ಮಾತ್ರೆ ನುಂಗುವವನು ನಾನು. ಯಾರು ಮೊದಲು ಅನ್ನುವುದಕ್ಕೆ ಜ್ಯೋತಿಷಿ ಬೇಕಿಲ್ಲ ಅಲ್ವಾ?

ದುಡ್ಡಿನದ್ದು ಹೇಗೋ ಸರಿ ಮಾಡಬಹುದು ಅಂತಲೇ ಇಟ್ಟುಕೊಳ್ಳಿ. ಬ್ಯಾಂಕ್ ಖಾತೆ ನನ್ನೊಬ್ಬನ ಹೆಸರಿನಲ್ಲಿದ್ದರೆ, ಕಾಗದಪತ್ರ ಮುಗಿಯುವ ತನಕ ಅವಳು ಮನೆ ಬಾಡಿಗೆ ಯಾವುದರಿಂದ ಕಟ್ಟಬೇಕು? ಎರಡು ದೇಶದಲ್ಲಿ ಆಸ್ತಿ ಇದ್ದರೆ ಒಂದು ಉಯಿಲು ಎರಡೂ ಕಡೆ ನಡೆಯುತ್ತದೆ ಅನ್ನುವ ಹಾಗಿಲ್ಲ. ಪನಾಮದ ಆಸ್ಪತ್ರೆಯಲ್ಲಿ ಸಹಿ ಹಾಕುವ ಕಾಗದ ಅಲ್ಲಿನ ಭಾಷೆ ಸ್ಪ್ಯಾನಿಷ್‌ನಲ್ಲಿರುತ್ತದೆ. ಇವುಗಳಲ್ಲಿ ಯಾವುದೂ 'ಕಡಿಮೆ ಖರ್ಚಿನ 10 ದೇಶಗಳು' ಅನ್ನುವ ವಿಡಿಯೋಗಳಲ್ಲಿ ಬರಲಿಲ್ಲ. ಅವುಗಳಲ್ಲಿ ಗಂಡಹೆಂಡತಿ ಯಾವಾಗಲೂ ಜೋಡಿಯಾಗಿಯೇ ಸಮುದ್ರ ನೋಡುತ್ತಿರುತ್ತಾರೆ.

ಇನ್ನು ಆರೋಗ್ಯ ವಿಮೆ. ನಾನು ವಿಚಾರಿಸಿದ ಏಜೆಂಟ್ ಮೊದಲ ವರ್ಷದ ಕಂತನ್ನು ಮಾತ್ರ ಖುಷಿಯಾಗಿ ಹೇಳಿದರು. 70 ದಾಟಿದ ಮೇಲೆ ಎಷ್ಟು ಅಂದದ್ದಕ್ಕೆ "ಆಗ ನೋಡೋಣ ಸಾರ್" ಅಂದರು. ಕಂತು ಏರಿದರೆ ನನ್ನ ಪಿಂಚಣಿ ಸಾಲುತ್ತದೆಯೇ? ಪಿಂಚಣಿಯೇ ಬೆಳೆಯದೆ ನಿಂತುಹೋಗುವ ಪಾಡೂ ಕೆಲವರಿಗಿದೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರು ಕೆನಡಾದಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿದರೆ, ಪ್ರತಿ ವರ್ಷದ ಏರಿಕೆ ಅವರಿಗೆ ಸಿಗುವುದಿಲ್ಲ. ನನಗೆ ಆ ತೊಂದರೆ ಇಲ್ಲ. ಆದರೆ ವಿನಿಮಯ ದರ ಸ್ವಲ್ಪ ಜಾರಿದರೂ 1,400 ಅನ್ನುವುದು 1,250 ಆಗಿಬಿಡಬಹುದು. ಅದು ಇಬ್ಬರಿಗೆ ಬೇಕಾದ ಗೆರೆ. ಅದರ ಕೆಳಗೆ ಬಿದ್ದರೆ ಅಷ್ಟೇ.

ಹಾಗಾದರೆ ಬೇಡವೇ ಬೇಡ ಅಂತ ಬಿಟ್ಟೆವಾ? ಇಲ್ಲ. ನಾನು ನೋಟ್‌ಬುಕ್ ಮುಚ್ಚಿಟ್ಟರೂ ಅವಳು ಅದನ್ನು ಎತ್ತಿಕೊಂಡಳು. ಹೊಸ ಪುಟ ತೆಗೆದು ಮೇಲೆ 'ನಾನೊಬ್ಬಳೇ' ಅಂತ ಬರೆದಳು. ಈಗ ಲೆಕ್ಕ ಅವಳದು. ಇರುವ ಮನೆ ಮಾರುವಂತಿಲ್ಲ. ವಾಪಸ್ ಬರುವ ಟಿಕೆಟ್ಟಿನ ದುಡ್ಡು ಅವಳ ಹೆಸರಿನ ಖಾತೆಯಲ್ಲಿ, ಯಾವ ಕಾರಣಕ್ಕೂ ಮುಟ್ಟಬಾರದು. ಲೆಕ್ಕವೆಲ್ಲ 1,400ಕ್ಕಲ್ಲ, 840ಕ್ಕೆ. ಅದಕ್ಕೆ ಸರಿಹೋದರೆ ಮಾತ್ರ ಮುಂದಿನ ಮಾತು. ಬೆಳಗ್ಗೆ ಅರ್ಧ ಗಂಟೆ ಸ್ಪ್ಯಾನಿಷ್ ಕಲಿಯುತ್ತಾಳೆ. ನಾನೂ ಕೂರುತ್ತೇನೆ, ನನಗೆ ತಲೆಗೆ ಹತ್ತುತ್ತಿಲ್ಲ.

ಈಗಿನ ತೀರ್ಮಾನ ಇಷ್ಟು. ಪನಾಮದ ಬೊಕೆಟೆ ಅನ್ನುವ ಬೆಟ್ಟದ ಊರಿಗೆ ಮೂರು ತಿಂಗಳಿಗೆ ಹೋಗುವುದು. ನಾನು ಜನವರಿ ಅಂದೆ, ಆಗ ಮಳೆ ಕಡಿಮೆ. ಅವಳು ಸೆಪ್ಟೆಂಬರ್ ಅಂದಳು, ಜೋರು ಮಳೆಯ ಕಾಲ. ಚೆನ್ನಾಗಿರುವಾಗ ಎಲ್ಲ ಊರೂ ಚೆನ್ನಾಗೇ ಇರುತ್ತೆ ಅಂತ ಅವಳ ವಾದ. ದೊಡ್ಡ ಆಸ್ಪತ್ರೆ ಬೇಕಾದರೆ ಕೆಳಗಿನ ಡೇವಿಡ್ ನಗರಕ್ಕೆ ಇಳಿಯಬೇಕು. ಆ ದಾರಿಯನ್ನೂ ಮಳೆಯಲ್ಲೇ ನೋಡಬೇಕಂತೆ.

ಇನ್ನೊಂದು ಷರತ್ತಿದೆ. ಕೊನೆಯ ಎರಡು ವಾರ ಬ್ಯಾಂಕು, ಬಸ್ಸು, ಔಷಧಿ ಅಂಗಡಿ, ಮನೆ ಮಾಲೀಕರ ಜೊತೆ ಮಾತು ಎಲ್ಲ ಅವಳೊಬ್ಬಳೇ ಮಾಡುವುದು. ನಾನು ಬಾಯಿ ಹಾಕಕೂಡದು.

"ಅಷ್ಟೂ ದಿನ ನಾನೇನು ಮಾಡಲಿ?" ಅಂತ ಕೇಳಿದೆ.

"ಸುಮ್ನೆ ಕೂತಿರಿ," ಅಂದಳು. "ಇಲ್ಲದ ಹಾಗೆ."