ಆರನೇ ಕ್ರಾಸಿನಿಂದ ಹದಿನೆಂಟನೇ ಕ್ರಾಸಿಗೆ

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಮಗಳಿಗೆ 625ಕ್ಕೆ 581. ಸಾಗರ ತಾಲೂಕಿನ ನಮ್ಮೂರ ಹೈಸ್ಕೂಲಿಗೆ ಅವಳೇ ಮೊದಲು ಅಂತ ಗೊತ್ತಾಗಿ ಅತ್ತೆ ಪಾಯಸಕ್ಕೆ ಇಟ್ಟರು. ಪಾಯಸ ಒಲೆಯಿಂದ ಇಳಿಯುವ ಮೊದಲೇ ಬೆಂಗಳೂರಿನ ಪೀಣ್ಯದಿಂದ ಇವರ ಫೋನು. "ಭಾನುವಾರ ರಾತ್ರಿ ಬಸ್ಸಿಗೆ ಮೂವರೂ ಹೊರಡಿ. ಸೋಮವಾರ ರಜೆ ಹಾಕಿದೀನಿ. ಇಬ್ಬರದೂ ಸೀಟು ಒಂದೇ ದಿನದಲ್ಲಿ ಮುಗಿಸಿಬಿಡೋಣ."

ಒಂದೇ ದಿನ! ಸಾಗರದ ಸಂತೆಯಲ್ಲಿ ಕೊಡಪಾನ ಆರಿಸಲಿಕ್ಕೇ ನನಗೆ ಅರ್ಧ ದಿನ ಬೇಕು.

ಇವರು ಪೀಣ್ಯದ ಕಾರ್ಖಾನೆ ಸೇರಿ ಆರು ವರ್ಷ. ಇನ್ನಿಬ್ಬರ ಜೊತೆ ರೂಮು, ಹಬ್ಬಕ್ಕೊಮ್ಮೆ ಊರು. ಮಗಳ ಪಿಯುಸಿ ನೆಪದಲ್ಲಾದರೂ ಎರಡು ಒಲೆ ಒಂದಾಗಲಿ ಅಂತ ಮಾರ್ಚಿನಲ್ಲೇ ದಾಸರಹಳ್ಳಿಯ ಎಂಟನೇ ಮೈಲಿ ಹತ್ತಿರ ಮನೆ ಹಿಡಿದಿದ್ದೆವು. ಮೊದಲು ಶಾಲೆ ನೋಡಿ ಆಮೇಲೆ ಮನೆ ನೋಡಬೇಕಿತ್ತು ಎಂದು ಬೆಂಗಳೂರಿನ ನೆಂಟರೆಲ್ಲ ಬುದ್ಧಿ ಹೇಳಿದ್ದು ನಾವು ಅಡ್ವಾನ್ಸ್ ಕೊಟ್ಟು ಕೈತೊಳೆದುಕೊಂಡ ಮೇಲೆ. ಮಗ ಆಗಷ್ಟೇ ಏಳನೇ ಕ್ಲಾಸು ಮುಗಿಸಿದ್ದ. ಊರಲ್ಲಿದ್ದರೂ ಅವನು ಆ ಶಾಲೆ ಬಿಟ್ಟು ಎಂಟಕ್ಕೆ ಹೈಸ್ಕೂಲಿಗೆ ಹೋಗಲೇಬೇಕಿತ್ತು. ಹಾಗಾಗಿ ಅವನ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲೇ ಇಲ್ಲ.

ಸೋಮವಾರ ಬೆಳಿಗ್ಗೆ ಮೊದಲು ನೋಡಿದ್ದು ಒಂದು ಖಾಸಗಿ ಪಿಯು ಕಾಲೇಜು. ಹೆಸರು ಬೇಡ. ನಾಲ್ಕು ಮಹಡಿಯ ಕಟ್ಟಡ, ಮುಂದೆ ಮನೆಯೆತ್ತರದ ಫ್ಲೆಕ್ಸು, ಅದರ ತುಂಬ ರ್‍ಯಾಂಕ್ ಬಂದವರ ಮುಖಗಳು. ಒಳಗೆ ಏಸಿ ರೂಮಿನಲ್ಲಿ ಕೂತಿದ್ದವರು ಲೆಕ್ಚರರ್ ಅಲ್ಲ, ಕೌನ್ಸೆಲರ್ ಅಂತೆ. ಮಗಳ ಅಂಕ ಕೇಳಿದರು, "ವೆರಿ ಗುಡ್" ಅಂದರು, ಒಂದು ಹಾಳೆ ಮುಂದಿಟ್ಟರು. ಪಿಯುಸಿ ಜೊತೆಗೇ ನೀಟ್, ಜೆಇಇ ಕೋಚಿಂಗ್. ಬೆಳಿಗ್ಗೆ ಎಂಟರಿಂದ ಸಂಜೆ ಆರು. ಹಾಳೆಯ ಕೆಳತುದಿಯಲ್ಲಿದ್ದ ಎರಡು ವರ್ಷದ ಮೊತ್ತ ನೋಡಿ ಇವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅದು ಇವರ ಒಂದು ವರ್ಷದ ಸಂಬಳಕ್ಕಿಂತ ಸ್ವಲ್ಪ ಕಡಿಮೆ ಇತ್ತು, ಅಷ್ಟೇ.

"ಇವತ್ತೇ ಹತ್ತು ಸಾವಿರ ಕಟ್ಟಿ ಸೀಟ್ ಬ್ಲಾಕ್ ಮಾಡಿದರೆ ಡಿಸ್ಕೌಂಟ್ ಇದೆ ಸರ್. ನಾಳೆ ಬಂದರೆ ಗ್ಯಾರಂಟಿ ಇಲ್ಲ."

"ನಾಳೆಯೇ ಬರ್ತೀವಿ ಬಿಡಿ" ಎಂದು ಇವರು ಎದ್ದರು. ಈ ಒಂದು ಗುಣಕ್ಕೆ ನಾನು ಇವರ ನೂರು ತಪ್ಪು ಮನ್ನಾ ಮಾಡುತ್ತೇನೆ.

ಮಗಳು ಮಾತ್ರ ಹೊರಗೆ ಬಂದು ಬೇರೆಯದೇ ಕೇಳಿದಳು. "ಅಮ್ಮ, ವೇಗೋತ್ಕರ್ಷಕ್ಕೆ ಇಂಗ್ಲಿಷಲ್ಲಿ ಏನು?" ಅವಳು ಒಂದರಿಂದ ಹತ್ತರವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಿಯುಸಿ ಸೈನ್ಸ್ ಅಂದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಜಾಗ, ದುಡ್ಡು, ಕಾಲೇಜು ಅಂತ ನಾವು ಒದ್ದಾಡುತ್ತಿದ್ದರೆ ಅವಳ ಭಯ ಬೇರೆಯೇ ಇತ್ತು. ಇವರಿಗೂ ಉತ್ತರ ಗೊತ್ತಿರಲಿಲ್ಲ, ನನಗೂ ಇಲ್ಲ. ಅವಳೇ ಮೊಬೈಲಿನಲ್ಲಿ ನೋಡಿಕೊಂಡಳು, ಆಕ್ಸಿಲರೇಷನ್ ಅಂತೆ.

ಅಲ್ಲಿಂದ ಮಲ್ಲೇಶ್ವರಕ್ಕೆ. ಸರ್ಕಾರಿ ಹೆಣ್ಣುಮಕ್ಕಳ ಪಿಯು ಕಾಲೇಜು ಹದಿಮೂರನೇ ಕ್ರಾಸಿನಲ್ಲಿದೆ, ವಿಚಾರಿಸಿ ಅಂತ ಊರಿನ ಹೆಡ್‌ಮಾಸ್ಟ್ರು ಹೇಳಿ ಕಳಿಸಿದ್ದರು. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದೆವು. ಮಗನಿಗೆ ಅದೇ ಮೊದಲ ಸಲ. ಜಾಲಹಳ್ಳಿ, ಪೀಣ್ಯ ಇಂಡಸ್ಟ್ರಿ, ಪೀಣ್ಯ, ಗೊರಗುಂಟೆಪಾಳ್ಯ ಎಂದು ಸ್ಟೇಷನ್ನುಗಳನ್ನು ಬೆರಳಲ್ಲಿ ಎಣಿಸುತ್ತ ಕೂತ. ಸಂಪಿಗೆ ರಸ್ತೆ ಹನ್ನೊಂದನೆಯದು. ಇಪ್ಪತ್ತು ಚಿಲ್ಲರೆ ನಿಮಿಷ. ಕೆಳಗೆ ತುಮಕೂರು ರಸ್ತೆಯಲ್ಲಿ ಲಾರಿಗಳು ನಿಂತಲ್ಲೇ ನಿಂತಿದ್ದವು. ಫೆಬ್ರವರಿಯಲ್ಲಷ್ಟೇ ಮೆಟ್ರೋ ದರ ಏರಿಸಿದ್ದರು, ಇವರು ಅದನ್ನು ಪ್ರತಿ ಸ್ಟೇಷನ್ನಿಗೂ ಒಮ್ಮೆ ಜ್ಞಾಪಿಸಿದರು.

ಆಟೋ ಬೇಡ, ನಡೆದೇ ಹೋಗೋಣ ಅಂತಾಯಿತು. ಮಂತ್ರಿ ಮಾಲಿನ ಕಡೆಯಿಂದ ಹೊರಟರೆ ಕ್ರಾಸುಗಳ ನಂಬರು ಏರುತ್ತ ಹೋಗುತ್ತದೆ. ಮಗನ ಬೆರಳೆಣಿಕೆ ಮತ್ತೆ ಶುರು. ಆರನೇ ಕ್ರಾಸಿನ ಹತ್ತಿರ ಇವರು ಕೈತೋರಿಸಿದರು. "ಎಸ್ಸೆಸ್ಸೆಲ್ಸಿ ಬೋರ್ಡು ಇಲ್ಲೇ ಇರೋದು." ಮಗಳು ನಿಂತುಬಿಟ್ಟಳು. ಮೂರು ದಿನದ ಹಿಂದೆ ಅವಳ 581 ಹೊರಬಿದ್ದದ್ದು ಇಲ್ಲಿಂದ. 2022ರಲ್ಲಿ ಎಸ್ಸೆಸ್ಸೆಲ್ಸಿಯ ಮಂಡಳಿಯನ್ನೂ ಪಿಯು ಪರೀಕ್ಷೆಯನ್ನೂ ಕೂಡಿಸಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಅಂತ ಮಾಡಿದ್ದಾರೆ, ಹಾಗಾಗಿ ಎರಡು ವರ್ಷದ ಮೇಲೆ ಅವಳ ಹಣೆಬರಹ ಬರೆಯುವವರೂ ಈ ಮಂಡಳಿಯವರೇ. ಎಂಟನೇ ಕ್ರಾಸಿನಲ್ಲಿ ಮಲ್ಲಿಗೆ, ಬಳೆ, ಸ್ಟೀಲು ಪಾತ್ರೆ. ನಾನು ಒಂದು ಮೊಳ ಹೂ ಕೊಂಡೆ. ನಮ್ಮೂರ ರೇಟು ನೆನಪಿಸಿಕೊಳ್ಳಬಾರದು.

ಹದಿಮೂರನೇ ಕ್ರಾಸಿನ ಕಾಲೇಜಿನ ಮುಂದೆ ನಮ್ಮಂಥವರೇ ಇದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಇಂಟರ್ನೆಟ್ಟಿನಲ್ಲಿ ತೆಗೆಸಿದ ಅಂಕಪಟ್ಟಿ. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ಇರುವ ಪಿಸಿಎಂಬಿಗೆ ಅರ್ಜಿ ಎಂದಾಗ ಒಳಗಿದ್ದ ಮೇಡಂ ಅಂಕ ನೋಡಿ ಮುಗುಳ್ನಕ್ಕರು. "ಕನ್ನಡ ಮೀಡಿಯಮ್ಮಾ? ಮೂರು ತಿಂಗಳು ಕಷ್ಟ ಆಗುತ್ತೆ. ಆಮೇಲೆ ನೀನೇ ಬೇರೆಯವರಿಗೆ ಹೇಳಿಕೊಡ್ತೀಯ." ಬೆಳಿಗ್ಗೆಯಿಂದ ಮಗಳ ಜೊತೆಗೇ ಮಾತಾಡಿದ ಮೊದಲ ಮನುಷ್ಯರು ಅವರು. ಇಲ್ಲಿ ವರ್ಷದ ಫೀಸು ನಮ್ಮ ಒಂದು ತಿಂಗಳ ಬಾಡಿಗೆಯಷ್ಟೂ ಇರಲಿಲ್ಲ.

ಸಾಲಿನಲ್ಲಿ ನಮ್ಮ ಹಿಂದೆ ಯಾದಗಿರಿ ಕಡೆಯವರೊಬ್ಬರು. ಗಾರೆ ಕೆಲಸಕ್ಕೆ ಬಂದು ಹನ್ನೆರಡು ವರ್ಷವಾಯಿತಂತೆ. ಮಗಳು ಓದಿದ್ದು ಇಲ್ಲೇ.

"ನಮಗ ಮುನ್ನೂರ ಎಪ್ಪತ್ತೊಂದು ಜೆ ಅದರೀ. ಹುಡುಗಿ ಎಲ್ಲಿ ಓದಿದ್ರೂ ಸರ್ಟಿಫಿಕೇಟ್ ನಡೀತದ" ಅಂದರು. ಸಂವಿಧಾನದ ಆ ವಿಧಿಯಂತೆ ಕಲ್ಯಾಣ ಕರ್ನಾಟಕದವರಿಗೆ ಅವರ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ಹೊರಗಿನ ಕಾಲೇಜುಗಳಲ್ಲಿ ನೂರಕ್ಕೆ 8 ಸೀಟು ಮೀಸಲು. ಅಷ್ಟು ಹೇಳಿ ಅವರು ನನ್ನ ಮಗನ ಕಡೆ ನೋಡಿದರು. "ಈ ತಮ್ಮ ಎಷ್ಟನೇತ್ತರೀ?"

"ಈಗ ಎಂಟಕ್ಕೆ. ಇಲ್ಲೇ ಸೇರಿಸ್ತೀವಿ."

"ಯಕ್ಕಾ, ವಿಚಾರ ಮಾಡ್ರಿ. ಹಳ್ಳಿ ಕೋಟಾ ಹೋಗ್ತದ."

ನನಗೆ ಅರ್ಥವಾಗಲಿಲ್ಲ. ಅವರಿಗೂ ಪೂರ್ತಿ ವಿವರಿಸಲು ಬರಲಿಲ್ಲ. "ಹದಿನೆಂಟನೇ ಕ್ರಾಸಿಗೆ ಹೋಗಿ ಕೇಳ್ರಿ, ಸಿಇಟಿ ಆಫೀಸು ಅಲ್ಲೇ ಅದ" ಅಂದರು.

ಮತ್ತೆ ನಡೆದೆವು. ಹದಿನೈದನೇ ಕ್ರಾಸಿನಲ್ಲಿ ಎಂಇಎಸ್ ಕಾಲೇಜು ಕಂಡಿತು, ಕಾಡು ಮಲ್ಲೇಶ್ವರನಿಗೆ ರಸ್ತೆಯಿಂದಲೇ ಕೈಮುಗಿದದ್ದಾಯಿತು. ಹದಿನೆಂಟನೇ ಕ್ರಾಸಿನಲ್ಲಿ ಪಿಯು ಇಲಾಖೆ, ಎಂಜಿನಿಯರಿಂಗಿನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎರಡೂ. ಆರನೇ ಕ್ರಾಸಿನಲ್ಲಿ ಹತ್ತನೇ ಕ್ಲಾಸು, ಹದಿನೆಂಟರಲ್ಲಿ ಸಿಇಟಿ. ರಾಜ್ಯದ ಮಕ್ಕಳೆಲ್ಲ ವರ್ಷಗಟ್ಟಲೆ ಬೆವರು ಸುರಿಸಿ ದಾಟುವ ದಾರಿಯನ್ನು ನಾವು ಒಂದು ಮೊಳ ಹೂ ಹಿಡಿದುಕೊಂಡು ಮಧ್ಯಾಹ್ನದೊಳಗೆ ದಾಟಿದ್ದೆವು.

ಕೊನೆಗೆ ನಮಗೆ ಬಿಡಿಸಿ ಹೇಳಿದ್ದು ಆಫೀಸಿನವರಲ್ಲ, ಹತ್ತಿರದ ಜೆರಾಕ್ಸ್ ಅಂಗಡಿಯವರು. ಎಷ್ಟು ಸಾವಿರ ಜನರ ಸರ್ಟಿಫಿಕೇಟ್ ಆ ಮಿಷನ್ನಿನ ಕೆಳಗೆ ಹಾದಿದೆಯೋ! ಕಾಪಿ ತೆಗೆಯುತ್ತಲೇ ಹೇಳಿದರು. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ನೂರಕ್ಕೆ 15. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮಕ್ಕೆ ನೂರಕ್ಕೆ 5, ಅದಕ್ಕೂ ಹತ್ತು ವರ್ಷ. ಎರಡಕ್ಕೂ ಶಾಲೆಯ ಪತ್ರಕ್ಕೆ ಬಿಇಓ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು, ಊರು ಬಿಡುವ ಮೊದಲೇ ಮಾಡಿಸಿಟ್ಟುಕೊಳ್ಳಿ. "ಮಗಳದ್ದು ಎರಡೂ ಭದ್ರ ಮೇಡಂ, ಪಿಯುಸಿ ಎಲ್ಲಿ ಓದಿದರೂ ತೊಂದರೆ ಇಲ್ಲ. ಮಗಂದು ಏಳು ವರ್ಷ ಆಗಿದೆ ಅಂತೀರಿ. ಏಳಕ್ಕೆ ಏಳು ಭಾಗ ಅಂತ ಕೊಡಲ್ಲ."

ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಯಾರೂ ಮಾತಾಡಲಿಲ್ಲ. ಕಡೆಗೆ ನಾನೇ ಅಂದೆ, ಮೂರು ವರ್ಷ ತಾನೇ, ಅತ್ತೆ ಜೊತೆ ಊರಲ್ಲೇ ಇರಲಿ. ಇವರು ಸಾಂಬಾರಿನ ಬಟ್ಟಲು ಸರಿಸಿದರು. "ಆರು ವರ್ಷ ನಾನು ಬಿಟ್ಟಿದ್ದು ಸಾಲದಾ? ಸಿಗುತ್ತೋ ಇಲ್ಲವೋ ಗೊತ್ತಿಲ್ಲದ ಸೀಟಿಗೆ ಅವನನ್ನೂ ಬಿಟ್ಟಿರೋದಾ?" ಮಗ ನಮ್ಮಿಬ್ಬರ ಮುಖ ನೋಡುತ್ತ ಹಪ್ಪಳ ಮುರಿಯುತ್ತಿದ್ದ. ಅವನನ್ನು ಕೇಳಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಕೇಳಿದ್ದು ಅವನ ಅಕ್ಕ. "ಅಕ್ಕ ಎಲ್ಲೋ ಅಲ್ಲಿ" ಅಂದ, ಹಪ್ಪಳ ಬಾಯಲ್ಲಿಟ್ಟುಕೊಂಡೇ.

ಮಧ್ಯಾಹ್ನ ನಮ್ಮ ಬಡಾವಣೆಯ ಒಂದು ಸಿಬಿಎಸ್‌ಇ ಶಾಲೆಗೆ ಹೋದೆವು. ಮನೆ ಓನರ್ ಆಂಟಿಯ ಶಿಫಾರಸು. ಅದೂ ಹೆಸರಿಲ್ಲದೆ ಇರಲಿ. ಮಗನಿಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಲು ಕೊಟ್ಟರು. ಗಣಿತ ಪೂರ್ತಿ ಮಾಡಿದ್ದ, ಪ್ರಬಂಧದ ಜಾಗದಲ್ಲಿ ಮೂರು ಸಾಲು. "ಕನ್ನಡ ಮೀಡಿಯಂನಿಂದ ಬಂದ ಮಕ್ಕಳನ್ನ ಒಂದು ಕ್ಲಾಸ್ ಹಿಂದೆ ತಗೋತೀವಿ. ಏಳನೇ ಕ್ಲಾಸ್ ಮತ್ತೆ ಮಾಡಲಿ" ಅಂದರು. ಅವನ ಮುಂದೆಯೇ. ಎಲ್ಲ ಲೆಕ್ಕ ಸರಿ ಮಾಡಿದ ಹುಡುಗ ಫೇಲಾದವನ ಹಾಗೆ ಚಪ್ಪಲಿ ನೋಡುತ್ತ ನಿಂತ. ನನಗೆ ಸಿಟ್ಟು ಬಂದದ್ದು ಆಗಲ್ಲ, ರಾತ್ರಿ ಪಾತ್ರೆ ತೊಳೆಯುವಾಗ. ನನ್ನ ಸಿಟ್ಟು ಯಾವಾಗಲೂ ತಡವಾಗಿ ಬರುವ ಬಸ್ಸು.

ಆ ಸಿಟ್ಟಿನಲ್ಲೇ ಹೊಳೆಯಿತು. ಹದಿನೈದು ಹೋದರೆ ಹೋಗಲಿ, ಐದು ಇನ್ನೂ ಹೋಗಿಲ್ಲವಲ್ಲ. ಕನ್ನಡ ಮಾಧ್ಯಮದ ಹತ್ತು ವರ್ಷಕ್ಕೆ ಹಳ್ಳಿ ಬೇಕಿಲ್ಲ, ಕನ್ನಡ ಶಾಲೆ ಇದ್ದರೆ ಸಾಕು. ಮರುದಿನ ಓನರ್ ಆಂಟಿ ಹತ್ತಿರ ಕೇಳಿದೆ, ಇಲ್ಲಿ ಕನ್ನಡ ಮೀಡಿಯಂ ಹೈಸ್ಕೂಲು ಎಲ್ಲಿದೆ? ಅವರು ಗಿಡಕ್ಕೆ ನೀರು ಹಾಕುವುದು ನಿಲ್ಲಿಸಿದರು. "ಬೆಂಗಳೂರಿಗೆ ಬಂದು ಕನ್ನಡ ಮೀಡಿಯಮ್ಮಾ? ಅದಕ್ಕೆ ಊರೇ ಸಾಕಿತ್ತಲ್ಲ ಕಣಮ್ಮ!" ಅವರ ಮಾತೂ ಸುಳ್ಳಲ್ಲ. 2015ರ ಕಾಯ್ದೆಯ ಪ್ರಕಾರ ಯಾವ ಬೋರ್ಡಿನ ಶಾಲೆಯಾದರೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು. ಆದರೆ ಗಣಿತ, ವಿಜ್ಞಾನ ಎಲ್ಲ ಕನ್ನಡದಲ್ಲೇ ಬೇಕೆಂದರೆ ನಮ್ಮ ಸುತ್ತಮುತ್ತ ಸಿಕ್ಕಿದ್ದು ಸರ್ಕಾರಿ ಹೈಸ್ಕೂಲು ಒಂದೇ. ನಡೆದರೆ ಹದಿನೈದು ನಿಮಿಷ. ಹೆಡ್ಮಿಸ್ಸು ಟಿಸಿ ನೋಡಿದರು, ಸರ್ಕಾರಿ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸ್ಯಾಟ್ಸ್ ನಂಬರು ಬರೆದುಕೊಂಡರು, ಪರೀಕ್ಷೆಗಿರೀಕ್ಷೆ ಏನೂ ಇಡಲಿಲ್ಲ. "ಎಂಟನೇ ಕ್ಲಾಸಿಗೇ ತಾನೇ?" ಅಂತ ಮಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಇವರ ತಂಗಿ ಫೋನಿನಲ್ಲಿ ಬೇಜಾರು ಮಾಡಿಕೊಂಡಳು. ನೂರಕ್ಕೆ ಐದಕ್ಕೋಸ್ಕರ ಹುಡುಗನ ಇಂಗ್ಲಿಷ್ ಹಾಳು ಮಾಡ್ತಿದೀರಿ ಅಂತ. ಇರಬಹುದು. ಅಕ್ಕನ ಹಾಗೆ ಅವನೂ ಪಿಯುಸಿಯಲ್ಲಿ ಮೂರು ತಿಂಗಳು ತಿಣುಕಬೇಕು. ಮಗಳ ತಿಣುಕಾಟ ಮನೆಯಲ್ಲೇ ನೋಡುತ್ತಿದ್ದೇನೆ. ನೋಟ್ಸಿನ ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಳ್ಳುತ್ತಾಳೆ. ಬೆಳಿಗ್ಗೆ ಲೇಟಾಗಬಾರದು ಅಂತ ಮೆಟ್ರೋದಲ್ಲಿ ಹೋಗುತ್ತಾಳೆ. ಸಂಜೆ ಆಧಾರ್ ಕಾರ್ಡ್ ತೋರಿಸಿ ಬಿಎಂಟಿಸಿಯ ಫ್ರೀ ಟಿಕೆಟಿನಲ್ಲಿ, ಯಶವಂತಪುರದಲ್ಲಿ ಬಸ್ಸು ಬದಲಿಸಿ, ಗೊರಗುಂಟೆಪಾಳ್ಯದ ಜಾಮಿನಲ್ಲಿ ನಿದ್ದೆ ಮಾಡಿಕೊಂಡು ಬರುತ್ತಾಳೆ. ಈ ಲೆಕ್ಕ ಹಾಕಿದ್ದು ಅವಳೇ.

ಮಗನ ಶಾಲೆ ಶುರುವಾಗಿ ಎರಡು ವಾರಕ್ಕೆ ಅವನೊಂದು ವರದಿ ಒಪ್ಪಿಸಿದ. "ಅಮ್ಮ, ನಮ್ಮ ಕ್ಲಾಸಲ್ಲಿ ಮನೇಲಿ ಕನ್ನಡ ಮಾತಾಡೋರು ಅರ್ಧ ಜನಾನೂ ಇಲ್ಲ." ಉಳಿದವರ ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ. ಪಕ್ಕದಲ್ಲಿ ಕೂರುವ ಹುಡುಗ ನೇಪಾಳದವನು, ಅಪ್ಪ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ಕನ್ನಡ ಸರಾಗವಾಗಿ ಮಾತಾಡುತ್ತಾನೆ, ಒತ್ತಕ್ಷರ ಮಾತ್ರ ತಪ್ಪುತ್ತದೆ.

"ನಾನು ಅವನಿಗೆ ಒತ್ತು ಹೇಳಿಕೊಡ್ತೀನಿ, ಅವನು ನಂಗೆ ರಸ್ತೆ ದಾಟೋದು ಹೇಳಿಕೊಡ್ತಾನೆ" ಅಂದ ಮಗ. ಆಮೇಲೆ ತಟ್ಟೆ ಎತ್ತಿಕೊಂಡು, ನಾಳೆ ಡಬ್ಬಿಗೆ ಎರಡು ದೋಸೆ ಜಾಸ್ತಿ ಹಾಕು ಅಂತ ಹೇಳಿ ಎದ್ದುಹೋದ.