ಒಂದೇ ಕಡೆ ಬರೆದ ಲೆಕ್ಕ

ನನ್ನದು ಲೆಕ್ಕ ಬರೆಯುವ ಕೆಲಸ. ದೊಡ್ಡ ಕಂಪನಿಗಳದ್ದಲ್ಲ. ಇಬ್ಬರು, ಮೂವರು, ಹೆಚ್ಚೆಂದರೆ ಐದು ಜನ ಸೇರಿ ನಡೆಸುವ ಸಣ್ಣಪುಟ್ಟ ಉದ್ಯೋಗಗಳದ್ದು. 2020ರ ಶುರುವಿನಲ್ಲಿ ನನ್ನ ಹತ್ತಿರ ಇಂಥ ಹನ್ನೊಂದು ಗಿರಾಕಿಗಳಿದ್ದರು. ಒಂದು ಬ್ಯೂಟಿ ಪಾರ್ಲರ್, ಒಂದು ಪ್ರಿಂಟಿಂಗ್ ಪ್ರೆಸ್, ಒಬ್ಬ ಫೋಟೋಗ್ರಾಫರ್, ಒಂದು ಟ್ಯೂಷನ್ ಸೆಂಟರ್, ಹೀಗೆ. ಈಗ ಏಳು ಉಳಿದಿವೆ. ಹೋದ ನಾಲ್ಕರಲ್ಲಿ ಒಂದು ಹೇಗಿದ್ದರೂ ಮುಚ್ಚುವುದೇ ಇತ್ತು. ಅದನ್ನು ಕೊರೋನಾ ತಲೆಗೆ ಕಟ್ಟುವುದಿಲ್ಲ.

ಮನೆಯಲ್ಲಿ ಅಮ್ಮ. ಆಗ ಅವರಿಗೆ 71. ಇಪ್ಪತ್ತು ವರ್ಷದಿಂದ ಉಬ್ಬಸ. ಹೀಗಾಗಿ ಟಿವಿಯಲ್ಲಿ ದಿನಾ ನಡೆಯುತ್ತಿದ್ದ 'ಜೀವವೋ ಜೀವನವೋ' ಜಗಳ ನಮ್ಮನೆಯಲ್ಲಿ ಎರಡು ಕೋಣೆಗಳ ನಡುವೆ ನಡೆಯುತ್ತಿತ್ತು. ಒಂದು ಕೋಣೆಯಲ್ಲಿ ನನ್ನ ಲ್ಯಾಪ್‌ಟಾಪ್, ಅದರಲ್ಲಿ ಹನ್ನೊಂದು ಮನೆಗಳ ಸೊನ್ನೆಗಳು. ಇನ್ನೊಂದರಲ್ಲಿ ಅಮ್ಮ, ಅವರ ಬೆರಳಿಗೆ ಆಕ್ಸಿಮೀಟರ್. ಅದು 94 ತೋರಿಸಿದರೆ ಬೆರಳು ಬಿಸಿ ಮಾಡಿಕೊಂಡು ಮತ್ತೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಸಮಾಧಾನ ಮಾಡಲು.

ಮೊದಲ ಎರಡು ತಿಂಗಳು ನನಗೆ ಯಾವ ಗೊಂದಲವೂ ಇರಲಿಲ್ಲ. ಮುಚ್ಚಬೇಕು, ಅಷ್ಟೇ. ಪಾರ್ಲರ್ ನಡೆಸುತ್ತಿದ್ದವರು ಫೋನ್ ಮಾಡಿ ಬಾಡಿಗೆ ಬಗ್ಗೆ ಹೇಳಿಕೊಂಡಾಗ, ಎಲ್ಲರೂ ಹೇಳುತ್ತಿದ್ದ ಮಾತನ್ನೇ ನಾನೂ ಹೇಳಿದೆ: "ಜೀವ ಉಳಿದ್ರೆ ನಾಳೆ ಸಂಪಾದಿಸಬಹುದು." ಅವರು ಸಿಟ್ಟಾಗಲಿಲ್ಲ. "ಮೇಡಂ, ನಿಮ್ಮ ಕೆಲಸ ಲ್ಯಾಪ್‌ಟಾಪಿನಲ್ಲಿದೆ. ನನ್ನ ಕೆಲಸ ಇನ್ನೊಬ್ಬರ ಮುಖದ ಮೇಲಿದೆ" ಎಂದರು.

ಆಮೇಲೆ ಎಷ್ಟೋ ದಿನ ಈ ಮಾತು ತಲೆಯಲ್ಲೇ ಕೂತಿತ್ತು. ಅಮೆರಿಕದಲ್ಲಿ ಆ ವರ್ಷವೇ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದರು: ಅಲ್ಲಿನ ಉದ್ಯೋಗಗಳಲ್ಲಿ ಪೂರ್ತಿ ಮನೆಯಿಂದಲೇ ಮಾಡಬಹುದಾದವು ಸುಮಾರು 37 ಪರ್ಸೆಂಟ್. ಬಡ ದೇಶಗಳಲ್ಲಿ ಇನ್ನೂ ಕಡಿಮೆ. ಅಂದರೆ 'ಮನೆಯಲ್ಲೇ ಇರಿ' ಎಂಬ ಮಾತು ಕೆಲವರಿಗೆ ಸಲಹೆ, ಉಳಿದವರಿಗೆ ಸಂಬಳವಿಲ್ಲದ ರಜೆ. ನಾನು ಯಾವ ಗುಂಪಿನಲ್ಲಿದ್ದೆ ಎನ್ನುವುದು ಗೊತ್ತೇ ಇದೆ. ಆ ಗುಂಪಿನಲ್ಲಿ ಕೂತು ಧೈರ್ಯದ ಮಾತಾಡುವುದು ಬಹಳ ಸುಲಭ.

ಹಾಗಂತ, ಮುಚ್ಚಿಸಿದ್ದೇ ನಷ್ಟಕ್ಕೆ ಕಾರಣ ಎಂಬ ಪಾರ್ಲರಿನವರ ಕಡೆ ವಾದವೂ ಪೂರ್ತಿ ಸರಿ ಇರಲಿಲ್ಲ. ಅದು ನನಗೆ ತಿಳಿದಿದ್ದು ಆ ವರ್ಷದ ಲೆಕ್ಕ ಬರೆಯಲು ಕೂತಾಗ, ಅವರದೇ ದಿನವಹಿಯಲ್ಲಿ.

ಅವರು ನೀಟಾಗಿ ಬರೆದಿಡುವವರು. ಪ್ರತಿ ದಿನಕ್ಕೊಂದು ಗೆರೆ, ಎಷ್ಟು ಜನ ಬಂದರು, ಎಷ್ಟು ಜಮಾ ಆಯಿತು. ಸಾಮಾನ್ಯ ಶನಿವಾರ ಹದಿನಾಲ್ಕು, ಹದಿನೈದು ಜನ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಇದನ್ನು ಪ್ಯಾಂಡೆಮಿಕ್ ಎಂದು ಕರೆಯಿತು. ಅದರ ನಂತರದ ಶನಿವಾರದ ಗೆರೆಯಲ್ಲಿ ಆರು. ಆಮೇಲೆ ನಾಲ್ಕು, ಒಂದು, ಎರಡು. ಕೊನೆಗೆ ಒಂದು ದಿನ ಬರೀ ಅಡ್ಡಗೆರೆ. ಮುಚ್ಚಬೇಕೆಂಬ ಆದೇಶ ಬಂದಿದ್ದು ಅದಾದ ಮೇಲೆ. ನಾನು ಪೆನ್ಸಿಲ್ ಇಟ್ಟು ಮತ್ತೊಮ್ಮೆ ದಿನಾಂಕ ನೋಡಿದೆ. ಆದೇಶಕ್ಕೆ ಮೊದಲೇ ಪಾರ್ಲರ್ ಮುಚ್ಚಿತ್ತು, ಬಾಗಿಲು ಮಾತ್ರ ತೆರೆದಿತ್ತು. ತಿಂಗಳುಗಳ ನಂತರ ಅನುಮತಿ ಸಿಕ್ಕಿ ಮತ್ತೆ ತೆರೆದರಲ್ಲ, ಆಗಲೂ ಅಷ್ಟೇ. ಮೊದಲ ವಾರ ಒಟ್ಟು ಒಂಬತ್ತು ಜನ.

ಒಂದು ಪಾರ್ಲರಿನ ಪುಸ್ತಕ ನೋಡಿ ಲೋಕದ ಬಗ್ಗೆ ತೀರ್ಪು ಕೊಡಬಾರದು, ಒಪ್ಪಿದೆ. ಆದರೆ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಆಸ್ಟನ್ ಗೂಲ್ಸ್‌ಬೀ ಮತ್ತು ಚಾಡ್ ಸೈವರ್ಸನ್ ಇದನ್ನೇ ದೊಡ್ಡದಾಗಿ ನೋಡಿದ್ದರು. ಮೊಬೈಲ್ ಫೋನುಗಳ ಓಡಾಟದಿಂದ ಇಪ್ಪತ್ತೆರಡು ಲಕ್ಷಕ್ಕೂ ಹೆಚ್ಚು ವ್ಯಾಪಾರದ ಜಾಗಗಳಿಗೆ ಹೋಗಿ ಬರುವವರ ಲೆಕ್ಕ ತೆಗೆದರು. ಒಂದೇ ಸೀಮೆಯಲ್ಲಿ ಗಡಿಯ ಈಚೆ ನಿರ್ಬಂಧ ಇದೆ, ಆಚೆ ಇಲ್ಲ, ಅಂಥ ಕಡೆ ಹೋಲಿಸಿದರು. ಗಿರಾಕಿಗಳ ಓಡಾಟ ಒಟ್ಟು 60 ಪರ್ಸೆಂಟ್ ಕುಸಿದಿತ್ತು. ಆ 60ರಲ್ಲಿ ಸರ್ಕಾರದ ಆದೇಶದಿಂದ ಆಗಿದ್ದು 7ರಷ್ಟು ಮಾತ್ರ. ಮಿಕ್ಕಿದ್ದರಲ್ಲಿ ಬಹುಪಾಲು ಜನರ ಸ್ವಂತ ಭಯ. ಸ್ವೀಡನ್ ಹೆಚ್ಚು ಮುಚ್ಚಲಿಲ್ಲ, ಪಕ್ಕದ ಡೆನ್ಮಾರ್ಕ್ ಮುಚ್ಚಿತು. ಮೊದಲ ವಾರಗಳಲ್ಲಿ ಬ್ಯಾಂಕ್ ಗ್ರಾಹಕರ ಖರ್ಚು ನೋಡಿದರೆ ಸ್ವೀಡನ್ನಿನಲ್ಲಿ ಸುಮಾರು 25 ಪರ್ಸೆಂಟ್ ಕಡಿಮೆ, ಡೆನ್ಮಾರ್ಕಿನಲ್ಲಿ 29. ಮುಚ್ಚಿದ್ದಕ್ಕೂ ಮುಚ್ಚದಿದ್ದಕ್ಕೂ ನಾಲ್ಕರ ವ್ಯತ್ಯಾಸ.

ಇದನ್ನು ಓದಿ ನಾನು ಬೀಗಿದ್ದೆ. ನೋಡಿದ್ರಾ, ನಷ್ಟ ಮಾಡಿದ್ದು ರೋಗ, ಆದೇಶ ಅಲ್ಲ ಅಂತ. ಆಮೇಲೆ ನನ್ನದೇ ಬೇರೆ ಖಾತೆಗಳು ನನ್ನ ಬಾಯಿ ಮುಚ್ಚಿಸಿದವು. ಪ್ರಿಂಟಿಂಗ್ ಪ್ರೆಸ್‌ನವರಿಗೆ ಆಮಂತ್ರಣ ಪತ್ರಿಕೆಯ ಆರ್ಡರ್ ಎಲ್ಲ ಹೋಯಿತು. ಆದರೆ ಸ್ಯಾನಿಟೈಸರ್ ಬಾಟಲಿಯ ಲೇಬಲ್ ಸಿಕ್ಕಿತು. ವರ್ಷದ ಕೊನೆಗೆ ಅವರಿಗೆ ಲಾಭವೇ. ಅದೇ ಪತ್ರಿಕೆಗಳನ್ನು ಹಂಚಿದ ಮೇಲೆ ನಡೆಯುವ ಸಮಾರಂಭಗಳಿಗೆ ಹೋಗುತ್ತಿದ್ದ ಫೋಟೋಗ್ರಾಫರ್‌ಗೆ ಒಂದು ಪೈಸೆ ಇಲ್ಲ. ಕ್ಯಾಮೆರಾ ಸಾಲದ ಕಂತು ಮುಂದಕ್ಕೆ ಹಾಕಿದರು, ಬಡ್ಡಿ ಮುಂದಕ್ಕೆ ಹೋಗಲಿಲ್ಲ. ಗೂಲ್ಸ್‌ಬೀ ಅವರ ಅಧ್ಯಯನದಲ್ಲೂ ಇದು ಇದೆ. ಆದೇಶಗಳು ಒಟ್ಟು ವ್ಯಾಪಾರವನ್ನು ಅಷ್ಟು ಕುಗ್ಗಿಸಲಿಲ್ಲ, ಒಬ್ಬರ ಗಿರಾಕಿಯನ್ನು ಇನ್ನೊಬ್ಬರ ಕಡೆ ಕಳಿಸಿದವು, 'ಅಗತ್ಯವಲ್ಲ' ಎಂಬ ಪಟ್ಟಿಯಿಂದ 'ಅಗತ್ಯ' ಎಂಬ ಪಟ್ಟಿಗೆ. ಸರಾಸರಿ ತೆಗೆದರೆ ಎಲ್ಲ ಸಮ. ಸರಾಸರಿಗೆ ಬಾಡಿಗೆ ಕಟ್ಟುವ ಕಷ್ಟ ಇಲ್ಲವಲ್ಲ.

ನಮ್ಮ ವೃತ್ತಿಯಲ್ಲಿ ಮೊದಲ ದಿನ ಕಲಿಸುವ ಪಾಠ ಒಂದಿದೆ. ಯಾವ ಎಂಟ್ರಿಯೂ ಒಂದೇ ಕಡೆ ಇರುವುದಿಲ್ಲ. ಡೆಬಿಟ್ ಬರೆದರೆ ಕ್ರೆಡಿಟ್ ಬರೆಯಲೇಬೇಕು. ಎದುರು ಕಡೆ ಯಾವ ಖಾತೆ ಅಂತ ಗೊತ್ತಾಗದಿದ್ದರೆ ಅದನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಅದು ತಾತ್ಕಾಲಿಕ. ವರ್ಷ ಮುಗಿಯುವುದರೊಳಗೆ ತೆರವಾಗಬೇಕು.

ಆ ಎರಡು ವರ್ಷ ನಾನು ಕೇಳಿದ ವಾದಗಳೆಲ್ಲ ಒಂದೇ ಕಡೆ ಬರೆದ ಲೆಕ್ಕಗಳು. 'ಮುಚ್ಚಿ' ಎಂದವರು ಉಳಿದ ಜೀವಗಳನ್ನು ಬರೆದುಕೊಂಡರು, ಅದರ ಖರ್ಚು ಯಾರ ಹೆಸರಿಗೆ ಅಂತ ಬರೆಯಲಿಲ್ಲ. 'ತೆರೆಯಿರಿ' ಎಂದವರು ಉಳಿದ ವ್ಯಾಪಾರವನ್ನು ಬರೆದುಕೊಂಡರು, ಅಮ್ಮನಂಥವರು ಯಾವ ಕಾಲಂನಲ್ಲಿ ಬರುತ್ತಾರೆ ಅಂತ ಹೇಳಲಿಲ್ಲ. ಎದುರು ಕಡೆ ಖಾಲಿ ಬಿಟ್ಟರೆ ಅದೇನೂ ಮಾಯವಾಗುವುದಿಲ್ಲ. ಯಾರು ಸುಮ್ಮನಿರುತ್ತಾರೋ ಅವರ ಹೆಸರಿಗೆ ಬೀಳುತ್ತದೆ.

ಕೆಲವು ಸರ್ಕಾರಗಳು ಎರಡೂ ಕಡೆ ಬರೆಯಲು ನೋಡಿದವು. ಜರ್ಮನಿಯಲ್ಲಿ ಕುರ್ಟ್ಸ್‌ಆರ್ಬೈಟ್ ಅಂತ ಒಂದು ಹಳೇ ಪದ್ಧತಿ ಇದೆ. ಕೆಲಸದ ಗಂಟೆ ಕಡಿಮೆ ಮಾಡಿ, ಆಳನ್ನು ತೆಗೆಯಬೇಡಿ, ಹೋದ ಸಂಬಳದ ದೊಡ್ಡ ಭಾಗ ನಾವು ಕೊಡುತ್ತೇವೆ ಅನ್ನುವ ಪದ್ಧತಿ. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಅದರಲ್ಲಿದ್ದರು. ಬ್ರಿಟನ್ ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ ಸಂಬಳದ 80 ಪರ್ಸೆಂಟ್ ಕೊಟ್ಟಿತು. ಅದೇ ಬ್ರಿಟನ್ ಆ ವರ್ಷ ಆಗಸ್ಟ್‌ನಲ್ಲಿ, ಸೋಮವಾರದಿಂದ ಬುಧವಾರದವರೆಗೆ ಹೋಟೆಲಿಗೆ ಹೋಗಿ ತಿಂದರೆ ತಲೆಗೆ 10 ಪೌಂಡ್ ಮೀರದಂತೆ ಅರ್ಧ ಬಿಲ್ ತಾನೇ ಕಟ್ಟಿತು. ಮನೆಯಲ್ಲಿರಲೂ ದುಡ್ಡು, ಹೊರಗೆ ಹೋಗಲೂ ದುಡ್ಡು. ಆಡಿಟ್ ಮಾಡುವವರ ಮುಖ ನೆನೆದು ನಗು ಬಂತು.

ಇದಕ್ಕೆಲ್ಲ ಸಾಲ ಹುಟ್ಟಬೇಕು, ನಿಜ. ಎಲ್ಲರಿಗೂ ಹುಟ್ಟುವುದಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಲೋಕದ ಒಟ್ಟು ದುಡಿಮೆಯ ಗಂಟೆಗಳಲ್ಲಿ 8.8 ಪರ್ಸೆಂಟ್ ಹೋಯಿತು. ಅದು 25.5 ಕೋಟಿ ಪೂರ್ಣಾವಧಿ ಕೆಲಸಗಳಿಗೆ ಸಮ. ಆ ಗಂಟೆಗಳಿಗೆ ಕೆಲವರಿಗೆ ದುಡ್ಡು ಬಂತು, ಬಹಳ ಜನರಿಗೆ ಬರಲಿಲ್ಲ. ಮುಚ್ಚುವ ಆದೇಶ ಎರಡೂ ಕಡೆ ಒಂದೇ. ಹಾಗಾಗಿ ಮುಚ್ಚುವುದು ಒಂದು ತೀರ್ಮಾನ, ಪರಿಹಾರ ಕೊಡುವುದು ಇನ್ನೊಂದು ತೀರ್ಮಾನ ಅಂತ ನಾನು ನೋಡುವುದಿಲ್ಲ. ಅದು ಒಂದೇ ವೋಚರ್. ಎರಡೂ ಬದಿ ತುಂಬದೆ ಸಹಿ ಹಾಕಬಾರದು. ಕೊಡಲು ದುಡ್ಡಿಲ್ಲದಿದ್ದರೆ ಎಷ್ಟು ದಿನ ಮುಚ್ಚಬಹುದು ಎಂಬುದೂ ಬೇರೆಯಾಗುತ್ತದೆ.

ಬೇಗ ಮುಚ್ಚಿದರೆ ಕಡಿಮೆ ದಿನ ಸಾಕು ಅನ್ನುವ ಮಾತು ಕೇಳಿರುತ್ತೀರಿ. 1918ರ ಫ್ಲೂ ಕಾಲದ ಎರಡು ಅಮೆರಿಕನ್ ಊರುಗಳ ಕತೆ ಇದಕ್ಕೆ ಯಾವಾಗಲೂ ಬರುತ್ತದೆ. ಫಿಲಡೆಲ್ಫಿಯಾದಲ್ಲಿ ರೋಗ ಕಾಣಿಸಿಕೊಂಡ ಮೇಲೂ ಸೆಪ್ಟೆಂಬರ್ 28ರಂದು ಯುದ್ಧನಿಧಿಗಾಗಿ ಮೆರವಣಿಗೆ ಮಾಡಿದರು, ಸುಮಾರು ಎರಡು ಲಕ್ಷ ಜನ ಸೇರಿದರು. ಸೇಂಟ್ ಲೂಯಿಸ್‌ನಲ್ಲಿ ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಮೊದಲ ರೋಗಿಗಳು ಸಿಕ್ಕ ಎರಡೇ ದಿನದಲ್ಲಿ ಶಾಲೆ, ಚಿತ್ರಮಂದಿರ, ಚರ್ಚ್ ಮುಚ್ಚಿಸಿದರು. ವ್ಯಾಪಾರಿಗಳು ಗೊಣಗಿದರು. ಸಾವು ಅತಿ ಹೆಚ್ಚಿದ್ದ ವಾರದಲ್ಲಿ ಲಕ್ಷಕ್ಕೆ ಫಿಲಡೆಲ್ಫಿಯಾದಲ್ಲಿ 257 ಜನ, ಸೇಂಟ್ ಲೂಯಿಸ್‌ನಲ್ಲಿ 31. ಇಲ್ಲಿಗೆ ಕತೆ ನಿಲ್ಲಿಸುವವರೇ ಜಾಸ್ತಿ. ನವೆಂಬರ್‌ನಲ್ಲಿ ಸೇಂಟ್ ಲೂಯಿಸ್ ಸಡಿಲ ಬಿಟ್ಟಿತು, ರೋಗ ಮತ್ತೆ ಏರಿತು, ಮತ್ತೆ ಮುಚ್ಚಬೇಕಾಯಿತು. ಬೇಗ ಮುಚ್ಚಿದ ಊರುಗಳ ಆರ್ಥಿಕ ಸ್ಥಿತಿ ಆಮೇಲೆ ಚೆನ್ನಾಗಿತ್ತೇ ಎನ್ನುವುದರ ಮೇಲೆ ಅರ್ಥಶಾಸ್ತ್ರಜ್ಞರು ಇನ್ನೂ ಕಿತ್ತಾಡುತ್ತಿದ್ದಾರೆ. ನ್ಯೂಜಿಲೆಂಡ್ 2020ರಲ್ಲಿ ಹಾಗೆ ಮಾಡಿ ಗೆದ್ದಿತು, ಜೂನ್ 8ರ ಹೊತ್ತಿಗೆ ಒಳಗಿನ ನಿರ್ಬಂಧಗಳೆಲ್ಲ ತೆರವಾಗಿದ್ದವು. ಸುತ್ತ ಸಮುದ್ರ ಇತ್ತು, ಗಡಿ ಮುಚ್ಚಲು ಸುಲಭವಿತ್ತು, ಜೊತೆಗೆ ಸಂಬಳಕ್ಕೂ ದುಡ್ಡು ಕೊಟ್ಟರು.

ಒಂದು ರಾತ್ರಿ ನಾನು ಕೆಟ್ಟ ಕೆಲಸ ಮಾಡಿದೆ. ಅಮೆರಿಕದ ಸರ್ಕಾರಿ ಇಲಾಖೆಗಳು ರಸ್ತೆ, ಕಾರ್ಖಾನೆಗಳ ಸುರಕ್ಷತಾ ನಿಯಮ ಮಾಡುವಾಗ ಉಳಿಯುವ ಒಂದು ಜೀವಕ್ಕೆ ಆಗ ಸುಮಾರು ಒಂದು ಕೋಟಿ ಡಾಲರ್ ಅಂತ ಹಿಡಿಯುತ್ತಿದ್ದವು ಎಂದು ಓದಿದ್ದೆ. ಬ್ರಿಟನ್ನಿನಲ್ಲಿ ಔಷಧಿ ಕೊಳ್ಳಬೇಕೋ ಬೇಡವೋ ಅಂತ ನಿರ್ಧರಿಸುವಾಗ ಒಳ್ಳೆ ಆರೋಗ್ಯದ ಒಂದು ವರ್ಷಕ್ಕೆ 20,000ದಿಂದ 30,000 ಪೌಂಡ್ ಲೆಕ್ಕ ಇತ್ತು. ಎಕ್ಸೆಲ್ ತೆರೆದು ಕೂತೆ. ಒಂದು ಕಾಲಂಗೆ 'ವಯಸ್ಸು' ಅಂತ ಹೆಸರು ಕೊಟ್ಟೆ, ಪಕ್ಕದ್ದಕ್ಕೆ 'ಉಳಿದ ವರ್ಷ'. ಮೊದಲ ಸಾಲಿನಲ್ಲಿ 71 ಅಂತ ಹೊಡೆದೆ. ಪಕ್ಕದಲ್ಲಿ ಏನು ಹಾಕಲಿ? ಎಂಟು? ಉಬ್ಬಸ ಇದೆ ಅಂತ ಆರು? ಒಳಗಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಫೈಲ್ ಸೇವ್ ಮಾಡದೆ ಮುಚ್ಚಿದೆ.

ಆದರೂ ಒಂದು ಮಾತು ಹೇಳಬೇಕು. ಜೀವಕ್ಕೆ ಬೆಲೆ ಕಟ್ಟಬಾರದು ಅನ್ನುವವರೂ ಬೆಲೆ ಕಟ್ಟುತ್ತಲೇ ಇರುತ್ತಾರೆ, ಬರೆಯುವುದಿಲ್ಲ ಅಷ್ಟೇ. ಬರೆದರೆ ತಿದ್ದಬಹುದು. ನಾನು ಆ ರಾತ್ರಿ ಬರೆಯದೆ ಹೋಗಿದ್ದು ಅಮ್ಮನ ಮೇಲಿನ ಪ್ರೀತಿಯಿಂದ, ಬೇರೆ ಯಾವ ದೊಡ್ಡ ತತ್ವದಿಂದಲೂ ಅಲ್ಲ.

ಶಾಲೆಗಳ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಮೊದಲು ಮುಚ್ಚಿದ್ದಕ್ಕಲ್ಲ. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ಡೆನ್ಮಾರ್ಕ್ 2020ರ ಏಪ್ರಿಲ್ 15ಕ್ಕೇ ಚಿಕ್ಕ ಮಕ್ಕಳ ತರಗತಿ ತೆರೆಯಿತು. ಉಗಾಂಡಾದಲ್ಲಿ ಶಾಲೆಗಳು ಪೂರ್ತಿ ತೆರೆದಿದ್ದು 2022ರ ಜನವರಿಯಲ್ಲಿ. ಎಷ್ಟೋ ಕಡೆ ಬಾರ್‌ಗಳು ತೆರೆದ ಮೇಲೂ ಒಂದನೇ ಕ್ಲಾಸು ಮುಚ್ಚಿತ್ತು. ಬಾರ್ ಮುಚ್ಚಿದರೆ ಅದೇ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ಮಗು ಓದಲು ಕಲಿಯದಿದ್ದರೆ ಕಾಣುವುದು ಇಪ್ಪತ್ತು ವರ್ಷ ಬಿಟ್ಟು. ಪಾರ್ಲರಿನವರ ಮಗ ಆಗ ಎರಡನೇ ಕ್ಲಾಸು. ಇದ್ದಿದ್ದು ಒಂದೇ ಫೋನ್, ಗಿರಾಕಿಗಳ ಕರೆ ಬರುವುದೂ ಅದಕ್ಕೇ. ಪಾಠದ ನಡುವೆ ಯಾರಾದರೂ ಫೋನ್ ಮಾಡಿದರೆ ಹುಡುಗನೇ ಎತ್ತಿ, "ಪಾರ್ಲರ್ ಕ್ಲೋಸ್ ಇದೆ ಆಂಟಿ" ಅನ್ನುತ್ತಿದ್ದ.

ಅಮ್ಮನಿಗೆ ಕೊರೋನಾ ಬಂದೇ ಬಂತು. 2022ರಲ್ಲಿ, ಎರಡು ಡೋಸ್ ಲಸಿಕೆ ಆದ ಮೇಲೆ. ನಾಲ್ಕು ದಿನ ಜ್ವರ, ಆಕ್ಸಿಮೀಟರ್ 93ಕ್ಕಿಂತ ಕೆಳಗೆ ಇಳಿಯಲಿಲ್ಲ. ವೈರಸ್ಸಿನ ಜೀನೋಮ್ 2020ರ ಜನವರಿಯಲ್ಲಿ ಬಹಿರಂಗವಾಯಿತು, ಅದೇ ಡಿಸೆಂಬರ್ 8ಕ್ಕೆ ಬ್ರಿಟನ್ ಜನರಿಗೆ ಲಸಿಕೆ ಚುಚ್ಚಲು ಶುರು ಮಾಡಿತು. ಒಂದು ವರ್ಷ ಕೂಡ ಇಲ್ಲ. ಅಮ್ಮನಿಗೆ ಬೇಕಿದ್ದಿದ್ದು ರೋಗ ಬಾರದಿರುವುದಲ್ಲ, ತಡವಾಗಿ ಬರುವುದು. ಆ ತಡಕ್ಕೆ ದುಡ್ಡು ಕೊಟ್ಟವರಲ್ಲಿ ಪಾರ್ಲರಿನವರೂ ಒಬ್ಬರು. ಅವರನ್ನು ಯಾರೂ ಕೇಳಿರಲಿಲ್ಲ.

2021ರ ಕೊನೆಗೆ ಅವರು ಪಾರ್ಲರ್ ಬಿಟ್ಟರು. ಈಗ ಮನೆಮನೆಗೆ ಹೋಗಿ ಕೆಲಸ ಮಾಡುತ್ತಾರೆ. ಖಾತೆ ಮುಗಿಸಲು ಬಂದು ನನ್ನ ಪಕ್ಕದಲ್ಲೇ ಕೂತರು. ಮೂರು ಕುರ್ಚಿ, ಎರಡು ಕನ್ನಡಿ, ಒಂದು ಸ್ಟೀಮರ್. ಎಲ್ಲ ಪುಸ್ತಕದ ಬೆಲೆಗಿಂತ ಕಡಿಮೆಗೆ ಹೋಗಿದ್ದವು. ನಾನು ಟೈಪ್ ಮಾಡುತ್ತಿದ್ದಾಗ ಪರದೆ ಕಡೆ ಬಾಗಿ, "ಈ ಸಾಲಿನಲ್ಲಿ ಏನ್ ಬರೆದ್ರಿ?" ಎಂದು ಕೇಳಿದರು.

"ಆಸ್ತಿ ಮಾರಾಟದಲ್ಲಿ ನಷ್ಟ."

ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ನಷ್ಟ ಆಗಿದ್ದು ಮಾರಾಟದಲ್ಲಿ ಅಲ್ಲ ಅಲ್ವಾ ಮೇಡಂ?"

ಅಲ್ಲ. ಆದರೆ ಸಾಫ್ಟ್‌ವೇರಿನಲ್ಲಿ ಬೇರೆ ಹೆಸರಿನ ಖಾತೆ ಇರಲಿಲ್ಲ. ನಾನು ಸೇವ್ ಒತ್ತಿದೆ.