ಕಾಲು ನೋವು ಬರಲಿಲ್ವಾ ಸಾರ್?

ನವೆಂಬರಿನಲ್ಲಿ ನಾವು ಎಂಟು ಜನ ಏಳು ದಿನ ಮಲೆನಾಡು ಸುತ್ತಿ ಬಂದೆವು, ಸೈಕಲ್ಲಿನಲ್ಲಿ. ಆವತ್ತಿನಿಂದ ಪಕ್ಕದ ಮನೆಯವರಿಂದ ಹಿಡಿದು ಕಟಿಂಗ್ ಶಾಪಿನವರವರೆಗೆ ಎಲ್ಲರದ್ದೂ ಇದೇ ಪ್ರಶ್ನೆ.

ಬಂತು, ಎರಡು ದಿನ. ಮೂರನೇ ದಿನದಿಂದ ಕಾಲು ತನ್ನ ಪಾಡಿಗೆ ತಾನು ತಿರುಗತೊಡಗಿತು. ನಿಜವಾಗಿ ನೋಯುವುದು ಕೂರುವ ಜಾಗ. ಪ್ಯಾಡ್ ಇರುವ ಸೈಕಲ್ ಚಡ್ಡಿಯೊಳಗೆ ಮತ್ತೊಂದು ಚಡ್ಡಿ ಹಾಕಬಾರದು. ಬೆವರಿಗೆ ಒಳಗಿನ ಹೊಲಿಗೆ ಉಜ್ಜಿ ಉಜ್ಜಿ ಚರ್ಮ ಕಿತ್ತುಬರುತ್ತದೆ. ಸಂಕೋಚಕ್ಕೋ ಏನೋ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಶಿವಮೊಗ್ಗದಿಂದ 30 ಕಿಲೋಮೀಟರಿನ ಮಂಡಗದ್ದೆಯಲ್ಲಿ ಎಲ್ಲರೂ ಕೂತು ಚಹಾ ಕುಡಿದರು, ನಾನು ನಿಂತು ಕುಡಿದೆ. ಸೀಟಿನ ಎತ್ತರವೂ ಅಷ್ಟೇ ಮುಖ್ಯ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ಚೂರು ಬಗ್ಗಿರುತ್ತದೆ. ನಮ್ಮಲ್ಲಿ ಮಂಡಿ ಹಿಡಿದುಕೊಂಡು ಕೂತ ಇಬ್ಬರ ಸೀಟೂ ತಗ್ಗಾಗಿತ್ತು.

ಇಷ್ಟಕ್ಕೆಲ್ಲ ಮದ್ದುಂಟು. ನಮ್ಮನ್ನು ಹಣ್ಣು ಮಾಡಿದ್ದು ಗುಂಪು.

ಎರಡನೇ ದಿನ ತೀರ್ಥಹಳ್ಳಿಯಿಂದ ಆಗುಂಬೆ ಮೇಲೆ ಶೃಂಗೇರಿಗೆ ಹೊರಟಿದ್ದೆವು. ಮುಂದೆ ನಾವು ಮೂವರು. ಮೇಗರವಳ್ಳಿ ದಾಟಿದ ಮೇಲೆ ಹಿಂದೆ ತಿರುಗಿ ನೋಡಿದ್ದೇ ಇಲ್ಲ. ಏರಿನಲ್ಲಿ ಮುಂದಿದ್ದೇವೆ ಅನ್ನುವುದೇ ಒಂದು ಅಮಲು, ನಾಚಿಕೆಯಾದರೂ ಹೇಳುತ್ತೇನೆ. ಆಗುಂಬೆಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಶೃಂಗೇರಿಗೆ, ಇನ್ನೊಂದು ಘಾಟಿಗೆ. ಹುಟ್ಟಿದಾಗಿನಿಂದ ಕಂಡ ದಾರಿ, ನಾವು ಯೋಚನೆಯನ್ನೇ ಮಾಡದೆ ತಿರುಗಿದೆವು. ಎಲ್ಲರಿಗಿಂತ ಹಿಂದಿದ್ದವರು ದಾವಣಗೆರೆಯ ಗೆಳೆಯರೊಬ್ಬರು, ಈ ಕಡೆ ಬಂದದ್ದು ಅದೇ ಮೊದಲು. ಚೈನ್ ಕಳಚಿ, ಹಾಕಿಕೊಂಡು, ಒಬ್ಬರೇ ಬಂದು ನೇರ ಘಾಟಿಗೆ ಇಳಿದರು. ಹದಿನಾಲ್ಕು ತಿರುವು! ಬೆಳಗಿನಿಂದ ಪಟ್ಟ ಪಾಡಿಗೆ ದೇವರು ಕಣ್ಣು ಬಿಟ್ಟ ಅಂದುಕೊಂಡರಂತೆ. ಅನುಮಾನ ಬರುವ ಹೊತ್ತಿಗೆ ಸೋಮೇಶ್ವರ. ಫೋನಿಗೆ ನೆಟ್‌ವರ್ಕ್ ಇಲ್ಲ. ಅದೇ ಘಾಟಿಯನ್ನು ಸೈಕಲ್ ಸಮೇತ ಗೂಡ್ಸ್ ಆಟೋದಲ್ಲಿ ಹತ್ತಿ ಶೃಂಗೇರಿ ಸೇರಿದಾಗ ಕತ್ತಲಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು. ಅವರು ಸುಮ್ಮನೆ ಉಂಡು ಮಲಗಿಬಿಟ್ಟರು.

ಮಾರನೇ ದಿನದಿಂದ ಒಂದು ಕಟ್ಟುಪಾಡು ಮಾಡಿಕೊಂಡೆವು. ಕವಲು ಬಂದಲ್ಲಿ ಮೊದಲು ತಲುಪಿದವರು ನಿಲ್ಲಬೇಕು, ಎಲ್ಲರೂ ದಾಟುವವರೆಗೆ ಎಣಿಸಬೇಕು. ಹಿಂದೆ ಕೊನೆಗೆ ಬರುವವರು ರಿಪೇರಿ ಗೊತ್ತಿರುವವರೇ ಆಗಬೇಕು, ಪಂಪು, ಪಂಕ್ಚರ್ ಸಾಮಾನು ಅವರ ಹತ್ತಿರವೇ. ಅಲ್ಲಿಯವರೆಗೆ ಪಂಪು ಇದ್ದದ್ದು ನನ್ನ ಹತ್ತಿರ, ಅಂದರೆ ಯಾರಿಗೂ ಬೇಡದ ಜಾಗದಲ್ಲಿ.

ಕಾಯುವುದು ಮಾತ್ರ ತುಳಿಯುವುದಕ್ಕಿಂತ ಕಷ್ಟ. ಮೈ ಆರಿ ಚಳಿ ಹತ್ತುತ್ತದೆ, ಮತ್ತೆ ಹೊರಡುವಾಗ ತೊಡೆ ಕಲ್ಲಾಗಿರುತ್ತದೆ. ಕೊಪ್ಪ, ಹೊಸನಗರ ಎಲ್ಲ ಹೀಗೆ ನಿಂತು ನಿಂತೇ ದಾಟಿದೆವು. ಆದರೆ ನಿಂತಾಗ ಬಾಳೆಹಣ್ಣು ತಿನ್ನುವ ರೂಢಿಯಾಗಿ, ಹಸಿದು ಕುಸಿಯುವುದು ತಪ್ಪಿತು. ಹಸಿವಾದ ಮೇಲೆ ತಿಂದರೆ ಏರಿನಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಇಳಿಜಾರಿನ ಬಗ್ಗೆ ಒಂದೇ ಮಾತು. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬೇಡಿ, ರಿಮ್ಮು ಕಾಯುತ್ತದೆ. ಒತ್ತಿ, ಬಿಟ್ಟು, ಮತ್ತೆ ಒತ್ತಿ.

ಕೊನೆಯ ದಿನ ಜೋಗದಿಂದ ಶಿವಮೊಗ್ಗಕ್ಕೆ ಸುಮಾರು ನೂರು ಕಿಲೋಮೀಟರ್. ಸಾಗರದಲ್ಲಿ ಎಣಿಸಲು ನಿಂತವರು ದಾವಣಗೆರೆಯವರೇ. ನಾವೆಲ್ಲ ದಾಟಿ ಬಂದು ಎಷ್ಟು ಹೊತ್ತಾದರೂ ಅವರ ಸುಳಿವಿಲ್ಲ. ವಾಪಸ್ ಹೋಗಿ ನೋಡಿದರೆ ಇನ್ನೂ ಅಲ್ಲೇ ನಿಂತಿದ್ದಾರೆ. "ಏಳೇ ಜನ ದಾಟಿದ್ದು, ಇನ್ನೊಬ್ರು ಬರ್ಲಿಲ್ಲ" ಅಂದರು.